ರೇಸ್ ನೋಡುವ ಕಣ್ಣು ಬದಲಾಯಿಸಿದ ಪುಸ್ತಕ ಯಾವುದು?

ಸೆಕೆಂಡ್‌ಎನ್‌ಕ್ಲೋಷರ್:

ಎಲ್ಲರಿಗೂ ನಮಸ್ಕಾರ. ಟಿಪ್ಸ್ ಕೇಳಲು ಬಂದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಬೆಂಗಳೂರು ರೇಸ್‌ಕೋರ್ಸಿಗೆ ಹೋಗಲು ಶುರುಮಾಡಿ ನಾಲ್ಕು ವರ್ಷ ಆಯಿತು. ಕರೆದುಕೊಂಡು ಹೋದವರು ನಮ್ಮ ಸೋದರಮಾವ. ಮಾವನ ಪದ್ಧತಿ ಏನೆಂದರೆ, ಬೆಳಿಗ್ಗೆ ಪೇಪರ್‌ನಲ್ಲಿ ಟ್ರ್ಯಾಕ್ ವರ್ಕ್, ಅಂದರೆ ಕುದುರೆಗಳ ತಾಲೀಮಿನ ಟೈಮ್, ನೋಡುವುದು, 600 ಮೀಟರನ್ನು 40 ಸೆಕೆಂಡ್ ಒಳಗೆ ಓಡಿದ ಕುದುರೆಗೆಲ್ಲ ಪೆನ್ಸಿಲ್‌ನಲ್ಲಿ ಸೊನ್ನೆ ಸುತ್ತುವುದು, ಆಮೇಲೆ ರೇಸಿಗೆ ಮುಂಚೆ ಕುದುರೆಗಳನ್ನು ನಡೆಸಿ ತೋರಿಸುವ ಪ್ಯಾಡಾಕ್ ಹತ್ತಿರ ಯಾರೋ ಕಿವಿಯಲ್ಲಿ ಇನ್ನೊಂದು ಹೆಸರು ಊದಿದ ಕೂಡಲೇ ಸೊನ್ನೆಗಳನ್ನೆಲ್ಲ ಮರೆತು ಅದಕ್ಕೇ ಕಟ್ಟುವುದು. ಮೂರು ವರ್ಷ ನಾನೂ ಅದೇ ಮಾಡಿದೆ. ಸೊನ್ನೆ ಸುತ್ತಿದ ಕುದುರೆ ಗೆಲ್ಲುತ್ತಿತ್ತು, ನಾವು ಕಟ್ಟಿದ್ದು ನಾಲ್ಕನೆಯದಾಗಿ ಬರುತ್ತಿತ್ತು.

ಹೋದ ವರ್ಷ ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದ ಅಂಗಡಿಯಲ್ಲಿ ಆಂಡ್ರ್ಯೂ ಬೇಯರ್ ಬರೆದ ‘ಪಿಕಿಂಗ್ ವಿನ್ನರ್ಸ್’ ಸಿಕ್ಕಿತು. 1975ರ ಪುಸ್ತಕ. ಬೈಂಡಿಂಗ್ ಬಿಟ್ಟುಹೋಗಿತ್ತು. ಎರಡು ರಾತ್ರಿಯಲ್ಲಿ ಓದಿ ಮುಗಿಸಿದೆ. ಅವರ ವಾದ ಸರಳ. ಕುದುರೆ ಎಷ್ಟು ಸೆಕೆಂಡ್‌ನಲ್ಲಿ ಓಡಿತು ಅಂತ ಸುಮ್ನೆ ನೋಡಿದರೆ ಏನೂ ಗೊತ್ತಾಗಲ್ಲ. ಆ ದಿನ ಟ್ರ್ಯಾಕ್ ಎಷ್ಟು ವೇಗವಾಗಿತ್ತು, ಎಷ್ಟು ನಿಧಾನವಾಗಿತ್ತು ಅಂತ ಲೆಕ್ಕ ಹಾಕಿ ಟೈಮ್‌ನಲ್ಲಿ ಅದನ್ನು ಹೊಂದಿಸಿಕೊಂಡರೆ ಬೇರೆ ಬೇರೆ ದಿನ ಓಡಿದ ಕುದುರೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದು.

ಸರಿ, ಒಂದು 200 ಪುಟದ ಲಾಂಗ್ ನೋಟ್‌ಬುಕ್ ತಂದೆ. ಗೀಟು ಹಾಕಿದೆ. ಒಂದೊಂದು ದೂರಕ್ಕೂ, ಒಂದೊಂದು ಕ್ಲಾಸಿಗೂ (ರೇಸಿನ ದರ್ಜೆ) ಸರಾಸರಿ ಟೈಮ್ ಬರೆದುಕೊಂಡೆ. ಬೇಸಿಗೆ ಸೀಸನ್‌ನಲ್ಲಿ ಮಳೆ ಬಂದ ಒಂದು ದಿನ 1200 ಮೀಟರ್‌ನ ಮೂರು ರೇಸ್‌ಗಳೂ ನನ್ನ ಸರಾಸರಿಗಿಂತ ಹೆಚ್ಚುಕಡಿಮೆ ಒಂದೂಕಾಲು ಸೆಕೆಂಡ್ ನಿಧಾನವಾಗಿ ಮುಗಿದವು. ಟ್ರ್ಯಾಕ್ ಒಂದೂಕಾಲು ಸೆಕೆಂಡ್ ಭಾರ ಅಂತ ಬರೆದು ಖುಷಿಪಟ್ಟೆ. ಅದೇ ದಿನದ 1600 ಮೀಟರ್ ರೇಸ್ ನಾಲ್ಕೂವರೆ ಸೆಕೆಂಡ್ ನಿಧಾನ! ಓಡಿದ ಕುದುರೆಗಳು ಕಳಪೆಯಲ್ಲ. ಮೊದಲ 800 ಮೀಟರ್ ಎಲ್ಲ ಜಾಕಿಗಳೂ ದೇವಸ್ಥಾನಕ್ಕೆ ಪ್ರದಕ್ಷಿಣೆ ಹೊರಟವರ ಹಾಗೆ ಹೋದರು, ಕೊನೆಯ 400 ಮೀಟರ್‌ನಲ್ಲಿ ಮಾತ್ರ ಓಡಿಸಿದರು. ಗೆದ್ದ ಕುದುರೆಗೆ ನನ್ನ ಪುಸ್ತಕದಲ್ಲಿ ಅತ್ಯಂತ ಕೆಟ್ಟ ಅಂಕ ಬಂತು. ಎರಡು ವಾರ ಬಿಟ್ಟು ಅದೇ ಕುದುರೆ ಮತ್ತೆ ಗೆದ್ದಿತು, ಆರಾಮಾಗಿ.

ಹಾಗಾಗಿ ಎರಡು ಪ್ರಶ್ನೆ. ಒಂದು, ನೀವು ರೇಸ್ ನೋಡುವ ರೀತಿಯನ್ನೇ ಬದಲಾಯಿಸಿದ ಪುಸ್ತಕ ಅಥವಾ ಲೇಖಕ ಯಾರು? ಎರಡು, ಅಮೆರಿಕದ ಮಣ್ಣಿನ ಟ್ರ್ಯಾಕ್ ನೋಡಿ ಬರೆದ ಪುಸ್ತಕ ನಮ್ಮ ಹುಲ್ಲಿನ ಟ್ರ್ಯಾಕಿಗೆ ಎಷ್ಟು ಆಗಿಬರುತ್ತದೆ?

ಹಳೇಪಂಟರ್_ಮೈಸೂರು:

ತಮ್ಮಾ, ನಿನ್ನ ಮಾವನನ್ನು ನಾನು ನೋಡಿಲ್ಲ, ಆದರೆ ಚೆನ್ನಾಗಿ ಗೊತ್ತು. ನಲವತ್ತು ವರ್ಷ ಅಂಥವರ ಪಕ್ಕದಲ್ಲೇ ನಿಂತಿದ್ದೇನೆ.

ಮೊದಲು ಒಂದು ಪದ ಸರಿಮಾಡಿಕೊಳ್ಳೋಣ. ಅಮೆರಿಕದವರು ಹ್ಯಾಂಡಿಕ್ಯಾಪಿಂಗ್ ಅಂದರೆ ಪಂಟರ್, ಅಂದರೆ ಬೆಟ್ ಕಟ್ಟುವವನು, ಕೂತು ಕುದುರೆಗಳನ್ನು ಅಳೆಯುವ ಕೆಲಸ. ನಮ್ಮಲ್ಲಿ, ಇಂಗ್ಲೆಂಡಿನಲ್ಲಿ, ಹ್ಯಾಂಡಿಕ್ಯಾಪರ್ ಅಂದರೆ ಕ್ಲಬ್ಬಿನ ಅಧಿಕಾರಿ. ಒಳ್ಳೆ ಕುದುರೆಗೆ ಜಾಸ್ತಿ ತೂಕ ಹೊರಿಸಿ ಎಲ್ಲವನ್ನೂ ಒಂದೇ ಗೆರೆಯಲ್ಲಿ ತಂದು ಮುಟ್ಟಿಸಲು ನೋಡುವವನು. ನೀನು ಕುದುರೆ ಜತೆ ಗುದ್ದಾಡುತ್ತಿಲ್ಲ, ಅವನ ಜತೆ ಗುದ್ದಾಡುತ್ತಿದ್ದೀಯ. ಇದು ತಲೆಗೆ ಹೋಗಲು ನನಗೆ ಹತ್ತು ವರ್ಷ ಬೇಕಾಯಿತು.

ನಾನು ಮೊದಲು ಓದಿದ್ದು ಟಾಮ್ ಐನ್ಸ್ಲಿಯವರ 1968ರ ದಪ್ಪ ಗೈಡ್. ಅದು ಅವರ ನಿಜವಾದ ಹೆಸರಲ್ಲ. ರಿಚರ್ಡ್ ಕಾರ್ಟರ್ ಅಂತ, ಪತ್ರಕರ್ತ. ಪೋಲಿಯೊ ಲಸಿಕೆ ಕಂಡುಹಿಡಿದ ಜೋನಾಸ್ ಸಾಲ್ಕ್ ಬಗ್ಗೆ ಪುಸ್ತಕ ಬರೆದದ್ದೂ ಇದೇ ಮನುಷ್ಯ. ಅವರು ಕಲಿಸಿದ್ದು ತೆಗೆದುಹಾಕುವ ಕ್ರಮ. ಈ ದೂರ ಇದಕ್ಕೆ ಆಗಲ್ಲ, ತೆಗೆ. ಇದು ತಿಂಗಳಿಂದ ಓಡಿಲ್ಲ, ಕೆಲಸವೂ ಮಾಡಿಲ್ಲ, ತೆಗೆ. ಕೊನೆಗೆ ಮೂರೋ ನಾಲ್ಕೋ ಉಳಿಯುತ್ತವೆ. ಅಲ್ಲಿಯವರೆಗೆ ಚೆನ್ನಾಗಿದೆ. ಆದರೆ ಪುಸ್ತಕದ ದೊಡ್ಡ ಭಾಗ ಕ್ಲೇಮಿಂಗ್ ರೇಸ್ ಬಗ್ಗೆ. ಅಂದರೆ ಓಡುವ ಕುದುರೆಯನ್ನೇ ಗೊತ್ತಾದ ಬೆಲೆಗೆ ಯಾರು ಬೇಕಾದರೂ ಕೊಂಡುಕೊಳ್ಳಬಹುದಾದ ರೇಸ್. ನಮ್ಮ ದಿನದ ಕಾರ್ಡ್ (ರೇಸ್ ಪಟ್ಟಿ) ನಡೆಯುವುದು ರೇಟಿಂಗ್ ಹ್ಯಾಂಡಿಕ್ಯಾಪ್‌ಗಳ ಮೇಲೆ, ಅಂದರೆ ಕುದುರೆಯ ರೇಟಿಂಗ್ ನೋಡಿ ತೂಕ ಹೊರಿಸುವ ರೇಸ್‌ಗಳ ಮೇಲೆ. ಆ ಪುಟಗಳನ್ನು ನಾನು ಸುಮ್ನೆ ಹಾರಿಸಿದೆ.

ನನ್ನ ಕಣ್ಣು ತೆರೆಸಿದ್ದು ಇಂಗ್ಲೆಂಡಿನ ಫಿಲ್ ಬುಲ್. ಗಣಿತದ ಮೇಷ್ಟ್ರು. ಹ್ಯಾಲಿಫ್ಯಾಕ್ಸ್ ಊರಿನಲ್ಲಿ ಕೂತು 1948ರಲ್ಲಿ ಕುದುರೆಗಳಿಗೆ ಅಂಕ ಕೊಡುವ ಟೈಮ್‌ಫಾರ್ಮ್ ಸಂಸ್ಥೆ ಶುರುಮಾಡಿದವರು. ನಿವೃತ್ತರಾದ ಒಬ್ಬ ಪಶುವೈದ್ಯರು ಅವರ ‘ರೇಸ್‌ಹಾರ್ಸಸ್’ ವಾರ್ಷಿಕದ ಎರಡು ಹಳೇ ಸಂಪುಟ ನನಗೆ ಓದಲು ಕೊಟ್ಟಿದ್ದರು. ಒಂದೊಂದು ಕುದುರೆಗೂ ಪೌಂಡ್ ಲೆಕ್ಕದಲ್ಲಿ ಒಂದು ಅಂಕ, ಕೆಳಗೆ ನಾಲ್ಕು ಸಾಲು ಜಾತಕ. ಅಂಕದ ಪಕ್ಕದಲ್ಲಿ ಕೆಲವಕ್ಕೆ ಒಂದು ಸೊಟ್ಟ ಗುರುತು ಇರುತ್ತದೆ. ಸ್ಕ್ವಿಗಲ್ ಅನ್ನುತ್ತಾರೆ. ಅರ್ಥ ಇಷ್ಟೇ, ಈ ಕುದುರೆಗೆ ಶಕ್ತಿ ಇದೆ, ಆದರೆ ನಂಬಬೇಡ. ಕೆಲವಕ್ಕೆ ಎರಡು ಸ್ಕ್ವಿಗಲ್! ನಮ್ಮ ನೆಂಟರಲ್ಲೂ ಒಂದಿಬ್ಬರಿಗೆ ಹಾಕಬಹುದು.

ಅವರಿಂದ ಕಲಿತದ್ದು ಲೆಂತ್ ಅನ್ನು, ಅಂದರೆ ಒಂದು ಕುದುರೆಯ ಉದ್ದದಷ್ಟು ಅಂತರವನ್ನು, ತೂಕಕ್ಕೆ ತಿರುಗಿಸುವುದು. ಐದು ಫರ್ಲಾಂಗ್‌ಗೆ (ಸುಮಾರು 1000 ಮೀಟರ್) ಒಂದು ಲೆಂತ್ ಅಂದರೆ ಸುಮಾರು 3 ಪೌಂಡ್. ಒಂದು ಮೈಲಿಗೆ 2ರ ಹತ್ತಿರ. ದೂರ ಜಾಸ್ತಿ ಆದಷ್ಟೂ ಒಂದು ಲೆಂತ್‌ನ ಬೆಲೆ ಕಮ್ಮಿ. ನಮ್ಮಲ್ಲಿ ಒಂದು ರೇಟಿಂಗ್ ಪಾಯಿಂಟ್ ಅಂದರೆ ಅರ್ಧ ಕೆಜಿ, ಅಂದರೆ ಒಂದು ಪೌಂಡ್ ಚಿಲ್ಲರೆ. ಈಗ ನೋಡು. 1200 ಮೀಟರ್ ರೇಸ್‌ನಲ್ಲಿ 54 ಕೆಜಿ ಹೊತ್ತ ಒಂದು ಕುದುರೆ, 56 ಹೊತ್ತ ಇನ್ನೊಂದನ್ನು ಎರಡು ಲೆಂತ್‌ನಿಂದ ಸೋಲಿಸಿತು ಅನ್ನು. ಎರಡು ಲೆಂತ್ ಅಂದರೆ ಸುಮಾರು ಎರಡೂಕಾಲು ಕೆಜಿ. ಸೋತದ್ದು ಎರಡು ಕೆಜಿ ಜಾಸ್ತಿ ಹೊತ್ತಿತ್ತು. ಅಲ್ಲಿಗೆ ಎರಡೂ ಸಮ. ಗೆದ್ದದ್ದಕ್ಕೆ ಹ್ಯಾಂಡಿಕ್ಯಾಪರ್ ಎಂಟು ಪಾಯಿಂಟ್ ಏರಿಸಿದ. ಮುಂದಿನ ಸಲ ಅದು 58, ಇದು ಅದೇ 56. ಲೆಕ್ಕದ ಪ್ರಕಾರ ಈಗ ಸೋತದ್ದೇ ಒಂದೂವರೆ ಲೆಂತ್ ಮುಂದೆ ಬರಬೇಕು. ಆದರೆ ಜನ ಏನು ಹೇಳುತ್ತಾರೆ? ‘ಹೋದ ಸಲ ಅದು ಇದನ್ನು ಹೊಡೆದುಹಾಕಿದೆ ಕಣಯ್ಯ.’ ಆಡ್ಸ್, ಅಂದರೆ ಒಂದಕ್ಕೆ ಎಷ್ಟು ಸಿಗುತ್ತದೆ ಅನ್ನುವುದು, ಹಾಗೇ ಇರುತ್ತದೆ. ನನ್ನ ಜೀವಮಾನದ ಒಳ್ಳೆ ಡಿವಿಡೆಂಡ್‌ಗಳೆಲ್ಲ ಈ ಒಂದು ಲೆಕ್ಕದಿಂದ ಬಂದವು.

ಅಲ್ಲಿಂದ ಬಂದದ್ದನ್ನು ಎಲ್ಲಿ ಕಳೆದೆ ಅಂತ ಕೇಳಬೇಡ. ಜಾಕ್‌ಪಾಟ್, ಸಾಲಾಗಿ ಹಲವು ರೇಸ್‌ಗಳಲ್ಲಿ ಗೆಲ್ಲುವುದನ್ನೆಲ್ಲ ಒಟ್ಟಿಗೆ ಊಹಿಸುವ ಬೆಟ್.

ಕ್ವೀನ್ಸ್‌ಕನ್ನಡಿಗ:

ನಾನು ಹಾಸನದವನು. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ 22 ವರ್ಷದಿಂದ ಇದ್ದೇನೆ. ಎ ಟ್ರೈನ್ ಹತ್ತಿದರೆ ಅಕ್ವಿಡಕ್ಟ್ ರೇಸ್‌ಟ್ರ್ಯಾಕ್ ಅಂತಲೇ ಒಂದು ಸ್ಟೇಷನ್ ಇದೆ. ಚಳಿಗಾಲದ ಶನಿವಾರಗಳಲ್ಲಿ ಅಲ್ಲಿ ಇರುತ್ತೇನೆ. ಅರ್ಧ ಜನ ಎಪ್ಪತ್ತು ದಾಟಿದವರು, ಕೈಯಲ್ಲಿ ಮಡಚಿದ ‘ಡೈಲಿ ರೇಸಿಂಗ್ ಫಾರ್ಮ್’ ಪತ್ರಿಕೆ, ಕಿವಿಯ ಹಿಂದೆ ಪೆನ್ನು. ನಿಮ್ಮ ಮಾವನವರು ಇಲ್ಲಿಗೆ ಬಂದರೆ ಭಾಷೆ ಬರದಿದ್ದರೂ ಐದೇ ನಿಮಿಷದಲ್ಲಿ ಹೊಂದಿಕೊಳ್ಳುತ್ತಾರೆ.

ಬೇಯರ್ ಬಗ್ಗೆ ಒಂದು ಕತೆ ಹೇಳಲೇಬೇಕು. 1966ರಲ್ಲಿ ಹಾರ್ವರ್ಡ್‌ನಲ್ಲಿ ಅವರಿಗೆ ಚಾಸರ್ ಕಾವ್ಯದ ಪರೀಕ್ಷೆ ಇತ್ತು. ಅದೇ ದಿನ ಬೆಲ್ಮಾಂಟ್ ಸ್ಟೇಕ್ಸ್. ಪರೀಕ್ಷೆ ಬಿಟ್ಟು ರೇಸಿಗೆ ಹೋದರು. ಕಟ್ಟಿದ್ದು ಆಂಬರಾಯ್ಡ್ ಅನ್ನುವ ಕುದುರೆಗೆ, ಅದೇ ಗೆದ್ದಿತು. ಆ ವರ್ಷ ಬೆಲ್ಮಾಂಟ್ ಪಾರ್ಕ್ ಕಟ್ಟಡವನ್ನು ಹೊಸದಾಗಿ ಕಟ್ಟುತ್ತಿದ್ದುದರಿಂದ ರೇಸ್ ನಡೆದದ್ದು ನಮ್ಮ ಇದೇ ಅಕ್ವಿಡಕ್ಟ್‌ನಲ್ಲಿ. ಮಗ ಹೀಗೆ ಮಾಡಿದ್ದರೆ ನಮ್ಮಪ್ಪ ಹಾಸನದಿಂದಲೇ ಚಪ್ಪಲಿ ಎಸೆಯುತ್ತಿದ್ದರು.

ಆ ಕಾಲಕ್ಕೆ ಇಲ್ಲಿನ ಹಳಬರು ಟೈಮ್ ನೋಡುವವರನ್ನು ಕಂಡು ನಗುತ್ತಿದ್ದರಂತೆ. ಟೈಮ್ ಎಣಿಸುವುದು ಜೈಲಿನಲ್ಲಿರುವವರ ಕೆಲಸ ಅಂತ ಜೋಕು. ಅವರಿಗೆಲ್ಲ ‘ಕ್ಲಾಸ್’ ಮುಖ್ಯ. ಹಾಗಾಗಿ ಮನೆಯಲ್ಲಿ ಕೂತು ಲೆಕ್ಕ ಹಾಕಿದವನಿಗೆ ನಿಜವಾಗಿಯೂ ಲಾಭ ಇತ್ತು. ಉಳಿದವರಿಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತಿತ್ತು.

ಆಮೇಲೆ ಏನಾಯಿತು ನೋಡಿ. 1991ರಲ್ಲಿ ‘ರೇಸಿಂಗ್ ಟೈಮ್ಸ್’ ಅಂತ ಹೊಸ ಪತ್ರಿಕೆ ಬಂತು. ಟ್ರ್ಯಾಕ್ ಲೆಕ್ಕ ಹೊಂದಿಸಿ ಬೇಯರ್ ಕೊಡುವ ವೇಗದ ಅಂಕಗಳನ್ನು ಪ್ರತಿ ಕುದುರೆಯ ಪಕ್ಕದಲ್ಲಿ ಅಚ್ಚು ಹಾಕಿತು. ಅದರ ಯಜಮಾನ ರಾಬರ್ಟ್ ಮ್ಯಾಕ್ಸ್‌ವೆಲ್ ಅದೇ ವರ್ಷ ತೀರಿಕೊಂಡು ಪತ್ರಿಕೆ ನಿಂತುಹೋಯಿತು. 1992ರಿಂದ ‘ಡೈಲಿ ರೇಸಿಂಗ್ ಫಾರ್ಮ್’ ಆ ಅಂಕಗಳನ್ನು ಹಾಕಲು ಶುರುಮಾಡಿತು. ಅಲ್ಲಿಗೆ ಕತೆ ಮುಗಿಯಿತು. ಅಂಕ ತಪ್ಪಾಯಿತು ಅಂತಲ್ಲ. ಅಂಕ ಸರಿಯಾಗಿಯೇ ಇದೆ. ಆದರೆ ಎಲ್ಲರ ಕೈಯಲ್ಲೂ ಇದೆ. ಅಂಕ ಜಾಸ್ತಿ ಇರುವ ಕುದುರೆಯ ಆಡ್ಸ್ ಬಿದ್ದುಹೋಗುತ್ತದೆ.

ನನ್ನ ಕಣ್ಣು ತೆರೆದದ್ದು ಆಗ, ಮತ್ತು ತೆರೆಸಿದ್ದು ಸ್ಟೀವನ್ ಕ್ರಿಸ್ಟ್. ಆ ರೇಸಿಂಗ್ ಟೈಮ್ಸ್‌ಗೆ ಸಂಪಾದಕರಾಗಿದ್ದವರು, ಮುಂದೆ ರೇಸಿಂಗ್ ಫಾರ್ಮ್ ನಡೆಸಿದವರು. 2001ರಲ್ಲಿ ‘ಬೆಟ್ ವಿತ್ ದ ಬೆಸ್ಟ್’ ಅಂತ ಹಲವರು ಸೇರಿ ಬರೆದ ಪುಸ್ತಕ ಬಂತು. ಅದರಲ್ಲಿ ಕ್ರಿಸ್ಟ್ ಬರೆದ ವ್ಯಾಲ್ಯೂ ಬಗ್ಗೆ ಒಂದು ಅಧ್ಯಾಯ ಇದೆ. ಪುಸ್ತಕ ಪೂರ್ತಿ ಓದದಿದ್ದರೂ ಪರವಾಗಿಲ್ಲ, ಅದೊಂದು ಓದಿ. ಯಾವ ಕುದುರೆ ಗೆಲ್ಲುತ್ತದೆ ಅನ್ನುವ ಪ್ರಶ್ನೆಯೇ ಅರ್ಧ ಪ್ರಶ್ನೆ ಅನ್ನುವುದು ಅವರ ಮಾತಿನ ಸಾರ. ಎರಡು ಸಲಕ್ಕೆ ಒಂದು ಸಲ ಗೆಲ್ಲುವ ಕುದುರೆಗೆ 100 ಕಟ್ಟಿ ಲಾಭ 70 ಸಿಗುವುದಾದರೆ ಅದು ನಷ್ಟದ ವ್ಯಾಪಾರ. ಹತ್ತು ಸಲಕ್ಕೆ ಒಂದೇ ಸಲ ಗೆಲ್ಲುವ ಕುದುರೆಗೆ ಒಂದಕ್ಕೆ ಹದಿನಾಲ್ಕು ಸಿಕ್ಕರೆ ಲಾಭದ ವ್ಯಾಪಾರ. ಒಂಬತ್ತು ಸಲ ಸೋತರೂ. ನಮ್ಮ ತರಕಾರಿ ಮಾರ್ಕೆಟ್‌ನಲ್ಲಿ ಎಲ್ಲ ಹೆಂಗಸರಿಗೂ ಇದು ಗೊತ್ತು ಅಲ್ವಾ? ಟೊಮೆಟೊ ಚೆನ್ನಾಗಿದೆ ಅಂತ ಯಾರೂ ಕೊಳ್ಳಲ್ಲ, ಈ ರೇಟಿಗೆ ಚೆನ್ನಾಗಿದೆ ಅಂತ ಕೊಳ್ಳುತ್ತಾರೆ. ರೇಸ್‌ಕೋರ್ಸ್ ಗೇಟ್ ದಾಟಿದ ಕೂಡಲೇ ಗಂಡಸರು ಇದನ್ನು ಮರೆಯುತ್ತಾರೆ.

ನಿಮ್ಮ 1600 ಮೀಟರ್ ತೊಂದರೆಗೆ ಬರುತ್ತೇನೆ. ಅದು ಇಲ್ಲಿಯೂ ಇದೆ. ಇಲ್ಲಿ ಮಣ್ಣಿನ ಟ್ರ್ಯಾಕ್‌ನಲ್ಲಿ ಗೇಟ್ ಬಿಟ್ಟ ಕ್ಷಣದಿಂದ ಓಟ. ಮೊದಲು ಮುಂದೆ ಹೋದದ್ದನ್ನು ಹಿಡಿಯುವುದು ಕಷ್ಟ. ವಿಲಿಯಂ ಕ್ವಿರಿನ್ ಅನ್ನುವ ಗಣಿತದ ಪ್ರೊಫೆಸರ್ 1979ರಲ್ಲೇ ಕಂಪ್ಯೂಟರ್‌ಗೆ ಸಾವಿರಾರು ರೇಸ್ ಹಾಕಿ ಅದನ್ನೇ ತೋರಿಸಿದರು. ಶುರುವಿನ ವೇಗಕ್ಕೆ ಸೊನ್ನೆಯಿಂದ ಎಂಟರವರೆಗೆ ಪಾಯಿಂಟ್ ಕೊಡುವ ಪದ್ಧತಿ ಅವರದೇ. ಹುಲ್ಲಿನಲ್ಲಿ ಹಾಗಲ್ಲ. ಅಲ್ಲಿ ಕೊನೆಯ ಎರಡು ಫರ್ಲಾಂಗ್ ನಿರ್ಧರಿಸುತ್ತದೆ. ಪೂರ್ತಿ ರೇಸ್‌ನ ಟೈಮ್ ನಿಧಾನ ಇದ್ದರೆ ಕುದುರೆ ನಿಧಾನ ಅಂತ ಆಗಲ್ಲ. ನೀವು ವಿಡಿಯೊ ಹಾಕಿಕೊಂಡು ಸ್ಟಾಪ್‌ವಾಚ್ ಹಿಡಿದು ಕೊನೆಯ 400 ಮೀಟರ್ ಬೇರೆಯಾಗಿ ಅಳೆಯಿರಿ. ಪ್ರದಕ್ಷಿಣೆ ರೇಸ್‌ಗೆ ಅಂಕವೇ ಕೊಡಬೇಡಿ. ಒಂದು ಅಡ್ಡಗೆರೆ ಎಳೆದು ಬಿಡಿ. ತಪ್ಪು ಅಂಕಕ್ಕಿಂತ ಖಾಲಿ ಜಾಗ ಮೇಲು.

ಸೆಕೆಂಡ್‌ಎನ್‌ಕ್ಲೋಷರ್:

ಹಳೇಪಂಟರ್ ಸರ್, ತೂಕದ ಲೆಕ್ಕ ಕೂಡಲೇ ನೋಟ್‌ಬುಕ್‌ಗೆ ಹೋಯಿತು. ನಾನು ಇಷ್ಟು ದಿನ ತೂಕದ ಕಾಲಂ ಬರೆಯುತ್ತಿದ್ದೆ, ಆದರೆ ಅದನ್ನು ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ಅಲಂಕಾರಕ್ಕೆ ಇತ್ತು.

ಕ್ವೀನ್ಸ್ ಸರ್, ನಿನ್ನೆ ರಾತ್ರಿ ಹಳೇ ವಿಡಿಯೊ ಹಾಕಿಕೊಂಡು ಕೊನೆಯ 400 ಮೀಟರ್ ಅಳೆದೆ. ಮೂರು ಸಲ ಅಳೆದರೆ ಮೂರು ಬೇರೆ ಉತ್ತರ ಬರುತ್ತದೆ, ಹೆಬ್ಬೆರಳು ನಿಧಾನ. ಆದರೂ ಆ ಪ್ರದಕ್ಷಿಣೆ ರೇಸ್ ಗೆದ್ದ ಕುದುರೆಯ ಕೊನೆಯ 400 ಮೀಟರ್ ಅವತ್ತಿನ 1200 ಮೀಟರ್ ಗೆದ್ದವುಗಳಿಗಿಂತ ಚೆನ್ನಾಗಿತ್ತು!

ಒಂದು ಸಂದೇಹ. ‘ಹತ್ತು ಸಲಕ್ಕೆ ಒಂದು ಸಲ ಗೆಲ್ಲುತ್ತದೆ’ ಅಂತ ಹೇಳುವುದು ಹೇಗೆ? ಅದೇ ಕುದುರೆ ಅದೇ ರೇಸನ್ನು ಹತ್ತು ಸಲ ಓಡಲ್ಲವಲ್ಲ.

ಲಾಜಿಟ್_ಶಾಲಿನಿ:

ನಾನು ಬೆಟ್ ಕಟ್ಟುವವಳಲ್ಲ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ನಿಮ್ಮ ಕೊನೆಯ ಪ್ರಶ್ನೆ ನೋಡಿ ಸುಮ್ಮನಿರಲಾಗಲಿಲ್ಲ, ಅದೇ ಸರಿಯಾದ ಪ್ರಶ್ನೆ.

ನನ್ನ ಪಾಲಿನದು ಪುಸ್ತಕವಲ್ಲ, ಎರಡು ಸಂಶೋಧನಾ ಪೇಪರ್. ಮೊದಲನೆಯದು 1986ರಲ್ಲಿ ಬೋಲ್ಟನ್ ಮತ್ತು ಚಾಪ್‌ಮನ್ ‘ಮ್ಯಾನೇಜ್‌ಮೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದದ್ದು. ಗ್ರಾಹಕರು ಹಲವು ಆಯ್ಕೆಗಳಲ್ಲಿ ಒಂದನ್ನು ಹೇಗೆ ಆರಿಸುತ್ತಾರೆ ಅನ್ನುವುದಕ್ಕೆ ಬಳಸುವ ಲಾಜಿಟ್ ಮಾಡೆಲ್ ಅನ್ನು ಕುದುರೆಗೆ ಹಾಕಿದರು. ಒಂದು ರೇಸ್ ಅಂದರೆ ಹತ್ತು ಡಬ್ಬದಲ್ಲಿ ಯಾವುದೋ ಒಂದನ್ನು ತೆರೆದ ಹಾಗೆ. ಪ್ರತಿ ಕುದುರೆಗೂ ಅದರ ಹಳೇ ಓಟ, ತೂಕ, ಜಾಕಿ ಇವುಗಳಿಂದ ಒಂದು ಅಂಕ. ಆ ಅಂಕಗಳನ್ನು ಒಟ್ಟು 100% ಆಗುವ ಹಾಗೆ ಹಂಚುತ್ತದೆ. ಒಂದೇ ಕುದುರೆ ಹತ್ತು ಸಲ ಓಡಬೇಕಿಲ್ಲ. ಮಾಡೆಲ್ 10% ಅಂತ ಹೇಳಿದ ಬೇರೆ ಬೇರೆ ಸಾವಿರ ಕುದುರೆಗಳನ್ನು ತೆಗೆದುಕೊಂಡು, ಅವುಗಳಲ್ಲಿ ನೂರರ ಆಸುಪಾಸು ಗೆದ್ದಿವೆಯಾ ಅಂತ ನೋಡುತ್ತೀರಿ. ಗೆದ್ದಿದ್ದರೆ 10% ಅನ್ನುವ ಮಾತಿಗೆ ಅರ್ಥ ಇದೆ.

ಎರಡನೆಯದು ಬಿಲ್ ಬೆಂಟರ್ 1994ರಲ್ಲಿ ಬರೆದದ್ದು. ಬ್ಲ್ಯಾಕ್‌ಜ್ಯಾಕ್ ಆಡುತ್ತಿದ್ದ ಮನುಷ್ಯ. ಹಾಂಗ್‌ಕಾಂಗ್‌ಗೆ ಹೋಗಿ ಅಲ್ಲಿನ ರೇಸ್‌ಗಳ ಮೇಲೆ ಇಂಥದ್ದೇ ಮಾಡೆಲ್ ಕಟ್ಟಿ ಅಪಾರ ದುಡ್ಡು ಮಾಡಿದವರು. ಅವರು ತಮ್ಮ ಕೆಲಸದ ಬಗ್ಗೆ ತಾವೇ ಬರೆದ ವರದಿ ಅದು. ಜನ ಅದನ್ನು ಗೆಲ್ಲುವ ಸೂತ್ರ ಅಂತ ಓದುತ್ತಾರೆ. ನನಗೆ ಅದರಲ್ಲಿ ಹಿಡಿಸಿದ್ದು ಬೇರೆ. ಅಷ್ಟೆಲ್ಲ ಡೇಟಾ ಹಾಕಿ ಕಟ್ಟಿದ ಮಾಡೆಲ್ ಅನ್ನು ಅವರು ಒಂಟಿಯಾಗಿ ನಂಬಲಿಲ್ಲ. ಜನರ ಆಡ್ಸ್ ಅನ್ನೂ ಮಾಡೆಲ್ ಒಳಗೆ ಸೇರಿಸಿದರು. ಏಕೆಂದರೆ ಆಡ್ಸ್ ತೋರಿಸುವ ಟೋಟ್ ಬೋರ್ಡ್‌ನಲ್ಲಿ ಸಾವಿರಾರು ಜನರಿಗೆ ಗೊತ್ತಿರುವುದು ಸೇರಿದೆ. ಕುದುರೆ ನೋಡಿಕೊಳ್ಳುವ ಸೈಸ್‌ಗೆ ಗೊತ್ತಿರುವುದು, ಕುದುರೆಯ ಕಾಲು ಬೆಳಿಗ್ಗೆ ಬಿಸಿಯಾಗಿತ್ತು ಅನ್ನುವುದು, ಇವು ಯಾವ ಕಾಲಂನಲ್ಲೂ ಬರಲ್ಲ. ಆಡ್ಸ್‌ನಲ್ಲಿ ಬರುತ್ತದೆ.

ಇದನ್ನು ಕೈಯಲ್ಲೇ ಮಾಡಬಹುದು. ನಿಮ್ಮ ನೋಟ್‌ಬುಕ್ 30% ಅನ್ನುತ್ತದೆ, ಬೋರ್ಡ್ ಲೆಕ್ಕ ಹಾಕಿದರೆ 12% ಬರುತ್ತದೆ ಅಂತಿಟ್ಟುಕೊಳ್ಳಿ. ನೀವು ಜಾಣರು, ಜನ ದಡ್ಡರು ಅಂತ ಹಿಗ್ಗಬೇಡಿ. ನಿಮಗೆ ಗೊತ್ತಿಲ್ಲದ್ದೇನೋ ಅವರಿಗೆ ಗೊತ್ತಿದೆ ಅನ್ನುವುದೇ ಹೆಚ್ಚು ಸಾಧ್ಯ. 30ನ್ನು 17ಕ್ಕೋ 18ಕ್ಕೋ ಇಳಿಸಿ. ಆಮೇಲೂ ಬೆಲೆ ಚೆನ್ನಾಗಿದ್ದರೆ ನೋಡಿ.

ಎಷ್ಟು ಕಟ್ಟಬೇಕು ಅನ್ನುವುದಕ್ಕೆ 1956ರಲ್ಲಿ ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ ಒಂದು ಸೂತ್ರ ಕೊಟ್ಟರು. ಒಂದಕ್ಕೆ ನಾಲ್ಕು ಸಿಗುವ ಕುದುರೆ, ನಿಮ್ಮ ಅಂದಾಜು 25%. ಸೂತ್ರದ ಪ್ರಕಾರ ಕೈಯಲ್ಲಿರುವ ದುಡ್ಡಿನ 6.25% ಕಟ್ಟಬೇಕು. ಈಗ ನಿಮ್ಮ ಅಂದಾಜು ಸ್ವಲ್ಪ ತಪ್ಪಿ ನಿಜವಾದ ಅವಕಾಶ 20% ಅನ್ನಿ. ಸೂತ್ರ ಹೇಳುವುದು ಸೊನ್ನೆ. ಕಟ್ಟಲೇಬಾರದು! 25ಕ್ಕೂ 20ಕ್ಕೂ ಇರುವ ವ್ಯತ್ಯಾಸ ನೋಟ್‌ಬುಕ್‌ನಲ್ಲಿ ಕಾಣುವುದೇ ಇಲ್ಲ. ಅದಕ್ಕೇ ತಿಳಿದವರು ಸೂತ್ರ ಹೇಳಿದ್ದರಲ್ಲಿ ಅರ್ಧವೋ ಕಾಲುಭಾಗವೋ ಕಟ್ಟುತ್ತಾರೆ.

ನನ್ನ ಅನುಭವ ಕೇಳಿದರೆ, ಇಬ್ಬರು ವಿದ್ಯಾರ್ಥಿಗಳ ಜತೆ ಬೆಂಗಳೂರಿನ ಎರಡು ಸೀಸನ್ ಫಲಿತಾಂಶ ಎಕ್ಸೆಲ್‌ಗೆ ಹಾಕಿ ಮಾಡೆಲ್ ಕಟ್ಟಿದೆ. ಮುಗಿದ ರೇಸ್‌ಗಳನ್ನು ಭಲೇ ಚೆನ್ನಾಗಿ ಊಹಿಸಿತು. ಮುಂದಿನ ರೇಸ್‌ಗಳಲ್ಲಿ ಟೋಟ್ ಬೋರ್ಡ್ ಮುಂದೆ ಸೋತಿತು. ಆ ಹುಡುಗರು ಅದರಿಂದ ಕಲಿತಷ್ಟನ್ನು ನನ್ನ ಒಂದು ಸೆಮಿಸ್ಟರ್ ಪಾಠದಲ್ಲಿ ಕಲಿತಿರಲಿಲ್ಲ.

ಬಾಲಕ್ಕೆಕಟ್ಟಿದವ:

ಎಲ್ಲರೂ ಬಹಳ ಚೆನ್ನಾಗಿ ಬರೆದಿದ್ದೀರಿ. ನಾನು ಕುದುರೆ ಬಾಲಕ್ಕೆ ಒಂದು ಸೈಟ್ ಕಟ್ಟಿದವನು, ಸ್ವಲ್ಪ ಕಹಿ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕ್ವೀನ್ಸ್‌ನವರೇ, ನಿಮ್ಮ ನ್ಯೂಯಾರ್ಕಿನಲ್ಲಿ ವಿನ್ ಬೆಟ್ ಪೂಲ್‌ನಿಂದ, ಅಂದರೆ ಗೆಲುವಿಗೆ ಅಂತ ಎಲ್ಲರೂ ಕಟ್ಟಿದ ಒಟ್ಟು ದುಡ್ಡಿನಿಂದ, ಕಡಿಯುವುದು 16% ಅಲ್ವಾ? ಈ ಪುಸ್ತಕಗಳೆಲ್ಲ ಅಂಥ ಕಡಿತ ಇಟ್ಟುಕೊಂಡು ಬರೆದವು. ನಮ್ಮಲ್ಲಿ 2023ರ ಅಕ್ಟೋಬರ್‌ನಿಂದ ಕಟ್ಟಿದ ಪೂರ್ತಿ ದುಡ್ಡಿನ ಮೇಲೆ 28% ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಅದು 40% ಆಯಿತು. ಗೆದ್ದರೂ ಸೋತರೂ. ಹಳೇಪಂಟರ್ ಅವರ ಒಂದೂವರೆ ಲೆಂತ್ ಲಾಭ ಈ ಹಳ್ಳ ತುಂಬಿಸುತ್ತದಾ? 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸ್ ಕೌಶಲದ ಆಟ ಅಂತ ಹೇಳಿತು. ನಾನು ಆ ತೀರ್ಪಿನ ಪೇಪರ್ ಕಟಿಂಗ್ ಜೇಬಿನಲ್ಲಿಟ್ಟುಕೊಂಡು ಮನೆಯವಳಿಗೆ ತೋರಿಸಿದ್ದೆ. ಅವಳು ಕೇಳಿದ್ದು, ‘ಕೌಶಲ ಅಂತ ಹೇಳಿದ್ದಾರೆ, ನಿಮಗೆ ಇದೆ ಅಂತ ಎಲ್ಲಿ ಹೇಳಿದ್ದಾರೆ?’

ನನ್ನ ಮೇಲೆ ಪರಿಣಾಮ ಬೀರಿದ ಪುಸ್ತಕ ಒಂದೇ. ಡಿಕ್ ಫ್ರಾನ್ಸಿಸ್ ಆತ್ಮಕಥೆ. ಪತ್ತೇದಾರಿ ಕಾದಂಬರಿ ಬರೆಯುವ ಮೊದಲು ಅವರು ಜಾಕಿ. 1956ರ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಬ್ರಿಟನ್ನಿನ ರಾಜಮಾತೆಯ ಕುದುರೆ ಡೆವನ್ ಲಾಕ್ ಮೇಲೆ ಇದ್ದರು. ನಾಲ್ಕೂವರೆ ಮೈಲಿಯ ಆಸುಪಾಸು ಓಡಿ, ಎಲ್ಲ ಬೇಲಿ ಹಾರಿ, ಎಲ್ಲರಿಗಿಂತ ಎಷ್ಟೋ ಮುಂದೆ, ಗೆಲುವಿನ ಗೆರೆಗೆ ಐವತ್ತು ಗಜದಷ್ಟು ಇರುವಾಗ ಕುದುರೆ ಇದ್ದಕ್ಕಿದ್ದಂತೆ ಹಾರುವ ಹಾಗೆ ಮಾಡಿ ಹೊಟ್ಟೆ ಮೇಲೆ ಕುಸಿಯಿತು. ಎದುರಿಗೆ ಬೇಲಿ ಇಲ್ಲ, ಏನೂ ಇಲ್ಲ. ಇವತ್ತಿಗೂ ಕಾರಣ ಪಕ್ಕಾ ಗೊತ್ತಿಲ್ಲ. ಶಾಲಿನಿ ಮೇಡಂ, ಆ ಕ್ಷಣಕ್ಕೆ ನಿಮ್ಮ ಮಾಡೆಲ್ ಎಷ್ಟು ಪರ್ಸೆಂಟ್ ಕೊಡುತ್ತಿತ್ತು?

ಲಾಜಿಟ್_ಶಾಲಿನಿ:

99ಕ್ಕಿಂತ ಜಾಸ್ತಿ. ಮತ್ತು ಅದು ತಪ್ಪಲ್ಲ.

ನೀವು ಹೇಳಿದ ತೆರಿಗೆಯ ಮಾತು ಮಾತ್ರ ಪೂರ್ತಿ ಸರಿ. ಬೆಂಟರ್‌ಗೆ ಹಾಂಗ್‌ಕಾಂಗ್‌ನಲ್ಲಿ ದೊಡ್ಡ ಪೂಲ್ ಇತ್ತು, ಅವವೇ ಕುದುರೆಗಳು ಎರಡೇ ಟ್ರ್ಯಾಕ್‌ನಲ್ಲಿ ಮತ್ತೆ ಮತ್ತೆ ಓಡುತ್ತಿದ್ದವು, ಎಲ್ಲ ವಿವರ ಅಚ್ಚಾಗುತ್ತಿತ್ತು. ನಮ್ಮಲ್ಲೂ ಕುದುರೆಗಳು ಅವೇ ಮತ್ತೆ ಮತ್ತೆ ಓಡುತ್ತವೆ. ಪೂಲ್ ಚಿಕ್ಕದು, ಕಡಿತ ದೊಡ್ಡದು. ದುಡ್ಡಿಗಾಗಿ ಆದರೆ ಈ ಲೆಕ್ಕ ಬಿಡಿ ಅಂತಲೇ ನಾನೂ ಹೇಳುತ್ತೇನೆ.

ಕ್ವೀನ್ಸ್‌ಕನ್ನಡಿಗ:

ಸೈಟ್ ವಿಷಯ ಓದಿ ಬೇಜಾರಾಯಿತು ಸರ್.

ಒಂದು ಪುಸ್ತಕ ಬಿಟ್ಟುಹೋಗಿತ್ತು. ಸ್ಟೀವ್ ಡೇವಿಡೋವಿಟ್ಜ್, ‘ಬೆಟಿಂಗ್ ಥರೋಬ್ರೆಡ್ಸ್’, 1977. ಅದರಲ್ಲಿ ‘ಕೀ ರೇಸ್’ ಅಂತ ಒಂದು ಉಪಾಯ ಇದೆ. ದುಡ್ಡು ಬೇಡ, ಕಂಪ್ಯೂಟರ್ ಬೇಡ. ಹಳೇ ಫಲಿತಾಂಶದ ಹಾಳೆ ತೆಗೆದುಕೊಳ್ಳಿ. ಇವತ್ತು ಗೆದ್ದ ಕುದುರೆ ಹಿಂದಿನ ಸಲ ಯಾವ ರೇಸ್‌ನಲ್ಲಿ ಓಡಿತ್ತೋ ಆ ರೇಸಿಗೆ ಹೋಗಿ ಅದರ ಹೆಸರಿನ ಸುತ್ತ ಗುರುತು ಹಾಕಿ. ಹೀಗೆ ಮಾಡುತ್ತಾ ಹೋದರೆ ಕೆಲವು ದಿನಕ್ಕೆ ಯಾವುದೋ ಒಂದು ರೇಸ್‌ನಲ್ಲಿ ಗುರುತುಗಳು ಗುಂಪಾಗುತ್ತವೆ. ಅವತ್ತು ನಾಲ್ಕನೆಯದು ಆಮೇಲೆ ಗೆದ್ದಿತು, ಆರನೆಯದೂ ಗೆದ್ದಿತು. ಅಂದರೆ ಅದು ಗಟ್ಟಿ ರೇಸ್. ಅಲ್ಲಿ ಐದನೆಯದಾಗಿ ಬಂದ, ಎಲ್ಲರೂ ಮರೆತ ಕುದುರೆ ಇನ್ನೂ ಓಡಿಲ್ಲವಾ ನೋಡಿ. ನಿಮ್ಮ ಟೈಮ್ ಲೆಕ್ಕ ಕೈಕೊಡುವ ಪ್ರದಕ್ಷಿಣೆ ರೇಸ್‌ಗಳಿಗೂ ಇದು ಕೆಲಸ ಮಾಡುತ್ತದೆ.

ಟ್ರ್ಯಾಕ್ ಬಯಾಸ್ ಬಗ್ಗೆಯೂ ಅವರು ಚೆನ್ನಾಗಿ ಬರೆದಿದ್ದಾರೆ. ಕೆಲವು ದಿನ ಒಳಗಿನ ರೇಲ್ (ಟ್ರ್ಯಾಕ್ ಅಂಚಿನ ಕಟಕಟೆ) ಪಕ್ಕ ಓಡಿದ್ದೆಲ್ಲ ಗೆಲ್ಲುತ್ತದೆ, ಕೆಲವು ದಿನ ಅಲ್ಲಿ ಸಿಕ್ಕಿಕೊಂಡದ್ದೆಲ್ಲ ಸೋಲುತ್ತದೆ. ಬೆಂಗಳೂರಿನಲ್ಲಿ ಇದು ಹೇಗೆ?

ಹಳೇಪಂಟರ್_ಮೈಸೂರು:

ನಮ್ಮಲ್ಲಿ ಫಾಲ್ಸ್ ರೇಲ್ ಹಾಕುತ್ತಾರಪ್ಪ. ಒಳಗಿನ ಹುಲ್ಲು ಹಾಳಾಗಬಾರದು ಅಂತ ರೇಲ್ ಅನ್ನು ಕೆಲವು ಮೀಟರ್ ಹೊರಕ್ಕೆ ಸರಿಸುವುದು. ಪೇಪರ್‌ನಲ್ಲಿ ಕಾರ್ಡಿನ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ, ಎಷ್ಟು ಅಗಲ, ಎಲ್ಲಿಂದ ಎಲ್ಲಿಗೆ ಅಂತ. ಹತ್ತರಲ್ಲಿ ಒಂಬತ್ತು ಜನ ಓದಲ್ಲ. ರೇಲ್ ಹೊರಗೆ ಬಂದರೆ ತಿರುವಿನ ಸುತ್ತು ದೊಡ್ಡದಾಗುತ್ತದೆ, ಕುದುರೆ ಓಡುವ ದೂರ ಜಾಸ್ತಿ ಆಗುತ್ತದೆ, ಟೈಮ್ ನಿಧಾನ ಬರುತ್ತದೆ. 1200ಕ್ಕಿಂತ 1600ರಲ್ಲಿ ಅದರ ಪಾಲು ಜಾಸ್ತಿ. ತಮ್ಮಾ, ನಿನ್ನ ನಾಲ್ಕೂವರೆ ಸೆಕೆಂಡ್‌ನಲ್ಲಿ ಎಷ್ಟು ಪ್ರದಕ್ಷಿಣೆ, ಎಷ್ಟು ಫಾಲ್ಸ್ ರೇಲ್? ಅವತ್ತು ರೇಲ್ ಎಲ್ಲಿತ್ತು ಅಂತ ಬರೆದುಕೊಂಡಿದ್ದೀಯಾ?

ಬಾಲಕ್ಕೆಕಟ್ಟಿದವನಿಗೆ ನನ್ನಲ್ಲಿ ಉತ್ತರ ಇಲ್ಲ. ನಾನು ಈಗ ಕಟ್ಟುವುದು ವಾರಕ್ಕೆ ಒಂದೋ ಎರಡೋ ಸಣ್ಣ ಬೆಟ್. ಉಳಿದ ರೇಸ್‌ಗಳನ್ನು ಪುಸ್ತಕದಲ್ಲೇ ಗೆಲ್ಲುತ್ತೇನೆ.

ಸೆಕೆಂಡ್‌ಎನ್‌ಕ್ಲೋಷರ್:

ಬರೆದುಕೊಂಡಿಲ್ಲ ಸರ್! ಫಾಲ್ಸ್ ರೇಲ್ ಅಂತ ಒಂದು ಕಾಲಂ ಇದೆ ಅನ್ನುವುದೇ ಗೊತ್ತಿರಲಿಲ್ಲ. ಹಳೇ ಪೇಪರ್ ಹುಡುಕಲು ಮಾವನ ಮನೆಗೆ ಹೋಗಿದ್ದೆ. ಅವರು ರೇಸ್ ಪುಟ ಯಾವತ್ತೂ ರದ್ದಿಗೆ ಹಾಕಲ್ಲ, ಮಂಚದ ಕೆಳಗೆ ಕಟ್ಟಿಟ್ಟಿದ್ದಾರೆ. ಆ ದಿನದ್ದು ಸಿಕ್ಕಿತು. ರೇಲ್ ಹೊರಗೇ ಇತ್ತು. ಸಣ್ಣ ಅಕ್ಷರದಲ್ಲಿ, ಒಂದೇ ಸಾಲು. ಅದರ ಮೇಲೆಯೇ ಮಾವನ ಪೆನ್ಸಿಲ್ ಸೊನ್ನೆ ಬಿದ್ದಿತ್ತು.

ಮಾವ ನನ್ನ ನೋಟ್‌ಬುಕ್ ಇಸಿದುಕೊಂಡು ಅರ್ಧ ಗಂಟೆ ತಿರುವಿ ಹಾಕಿದರು. ತೂಕದ ಲೆಕ್ಕ ನೋಡಿ ತಲೆ ಆಡಿಸಿದರು. ಕೊನೆಗೆ, ‘ಎಲ್ಲ ಸರಿ ಕಣೋ, ಭಾನುವಾರ ಐದನೇ ರೇಸ್‌ನಲ್ಲಿ ಯಾವುದು ಅಂತ ಎಲ್ಲಿ ಬರೆದಿದ್ದೀಯ?’ ಅಂದರು.

ಕೀ ರೇಸ್ ಗುರುತು ಹಾಕಲು ಶುರುಮಾಡಿದ್ದೇನೆ, ಜೂನ್‌ನಿಂದ. ಈ ತಿಂಗಳು ಬೆಟ್ ಕಟ್ಟಲ್ಲ, ಬರೀ ಬರೆಯುತ್ತೇನೆ. ಶಾಲಿನಿ ಮೇಡಂ, ನೂರು ಕುದುರೆಗೆ ಪರ್ಸೆಂಟ್ ಬರೆದಾದ ಮೇಲೆ ಇಲ್ಲೇ ಹಾಕುತ್ತೇನೆ, ಸರಿ ಇದೆಯಾ ಅಂತ ನೋಡಿ ಹೇಳಿ.